ಒಡೆಯದ ಏರಿ

ಗಣಿಗಳ ಪರಿಸರ ವಿಭಾಗಕ್ಕೆ ಹೊಸದಾಗಿ ಸೇರಿದವರು ಒಮ್ಮೊಮ್ಮೆ ನನಗೆ ಫೋನ್ ಮಾಡುತ್ತಾರೆ. ಯಾವ ಸಾಫ್ಟ್‌ವೇರ್ ಕಲಿಯಬೇಕು, ಯಾವ ಪರೀಕ್ಷೆ ಪಾಸು ಮಾಡಿದರೆ ಬೇಗ ಮೇಲೆ ಹೋಗಬಹುದು ಎಂದು ಕೇಳುತ್ತಾರೆ. ಮೇಲೆ ಹೋಗುವ ವಿಷಯ ನನಗೆ ಅಷ್ಟಾಗಿ ಗೊತ್ತಿಲ್ಲ. ನಾನು ಕೆಲಸದಲ್ಲಿ ಇದ್ದಷ್ಟು ದಿನ ನೋಡಿಕೊಂಡದ್ದು ಕೆಳಗೆ ಹೋಗುವುದನ್ನು. ಮಳೆ ಬಂದಾಗ ಗಣಿಯಿಂದ ಇಳಿಯುವ ನೀರು, ಅದರ ಜೊತೆ ಹೊರಡುವ ಮಣ್ಣು, ಕಲ್ಲಿನ ಪುಡಿ. ಅದನ್ನು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎನ್ನುವುದಷ್ಟೇ ನನ್ನ ಕೆಲಸವಾಗಿತ್ತು.

ಚೆನ್ನೈಗೆ ದಕ್ಷಿಣದಲ್ಲಿ, ಕ್ರೋಂಪೇಟೆಯಿಂದ ಬಸ್ಸು ಹಿಡಿದು ಇಳಿದು ಸ್ವಲ್ಪ ನಡೆದರೆ ಸಿಗುವ ಗುಡ್ಡದಲ್ಲಿ ನಮ್ಮ ಕಲ್ಲುಗಣಿ ಇತ್ತು. ಕಪ್ಪು ಕಲ್ಲು ಸಿಡಿಸಿ, ಒಡೆದು, ಜಲ್ಲಿ ಮಾಡಿ ಪಟ್ಟಣಕ್ಕೆ ಕಳಿಸುತ್ತಿದ್ದರು. ವೇಲಚೇರಿಯ ಎಷ್ಟೋ ಫ್ಲಾಟುಗಳ ಕಾಂಕ್ರೀಟಿನಲ್ಲಿ ಆ ಜಲ್ಲಿ ಇದ್ದೀತು. ಈಗ ನಾನೇ ಅಂಥ ಒಂದು ಫ್ಲಾಟಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಗದಗಿನ ಕಡೆಯ ಮನೆತನ. ಅಪ್ಪ ವಿಮಾ ಕಚೇರಿಯಲ್ಲಿ ಕೆಲಸ ಸಿಕ್ಕು ಇಲ್ಲಿಗೆ ಬಂದವರು. ನಾನು ಹುಟ್ಟಿ ಬೆಳೆದದ್ದು, ಸಿವಿಲ್ ಡಿಪ್ಲೊಮಾ ಮಾಡಿದ್ದು ಎಲ್ಲ ಇಲ್ಲಿಯೇ. ಗಣಿಯಲ್ಲಿ ಕೆಲಸ ಸಿಕ್ಕಿತು ಎಂದಾಗ ಅವ್ವ, "ಇಷ್ಟು ಓದಿಸಿದ್ದು ಕಲ್ಲು ಒಡೀಲಿಕ್ಕೇನು ಗಿರಿಜಾ?" ಎಂದಿದ್ದಳು.

"ಕಲ್ಲು ಅಲ್ಲವ್ವಾ. ಅಲ್ಲಿ ಹರಿಯೋ ನೀರು ನೋಡಿಕೊಳ್ಳೋದು."

"ಹರಿಯೋ ನೀರು ತಾನ ಹರೀತದ. ಅದನ್ನ ನೋಡಾಕ ಪಗಾರ ಕೊಡ್ತಾರೇನು?"

ಸೇರಿದ ಮೊದಲ ದಿನ ಮ್ಯಾನೇಜರ್ ರಾಘವನ್ ನನ್ನನ್ನು ಗಣಿಯ ಅಂಚಿಗೆ ಕರೆದುಕೊಂಡು ಹೋದರು. ಅವರು ಇಸ್ತ್ರಿ ಮಾಡಿದ ಅಂಗಿಯಲ್ಲೇ ಗಣಿ ಸುತ್ತುವ ಮನುಷ್ಯ. ಕೆಳಗೆ, ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಬಂಡೆಯ ತಳದಲ್ಲಿ ಹಸಿರು ನೀರು ನಿಂತಿತ್ತು. "ಇದು ಅಲ್ಲಿ ಇರಕೂಡದು," ಎಂದರು. ಹೊರಗೆ ಹಾಕಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿದೆ. ಅವರು ಗುಡ್ಡದ ಇಳಿಜಾರಿನತ್ತ ಕೈ ಬೀಸಿ, "ಅದು ನಮ್ಮ ಗಡಿಯ ಆಚೆ," ಎಂದರು. ಆಗಿನ ಕಾಲದ ಗಣಿಯವರೆಲ್ಲ ಹಾಗೇ ಯೋಚಿಸುತ್ತಿದ್ದರು. ರಾಘವನ್ ಒಬ್ಬರನ್ನೇ ದೂರಿ ಫಲವಿಲ್ಲ.

ಗಡಿಯ ಆಚೆ ಒಂದು ಕೆರೆ ಇತ್ತು. ಇಲ್ಲೊಂದು ಮಾತು ಹೇಳಿಬಿಡಬೇಕು. ತಮಿಳಿನಲ್ಲಿ ಏರಿ ಎಂದರೆ ಇಡೀ ಕೆರೆ. ನಮ್ಮಲ್ಲಿ ಏರಿ ಎಂದರೆ ಆ ಕೆರೆಯ ಮಣ್ಣಿನ ಕಟ್ಟೆ. ಮನೆಯಲ್ಲಿ ಕನ್ನಡ, ಗಣಿಯಲ್ಲಿ ತಮಿಳು ಆಡುವ ನನಗೆ ಈ ಒಂದು ಪದ ಯಾವಾಗಲೂ ಗೊಂದಲ ಮಾಡುತ್ತಿತ್ತು. ಇಲ್ಲಿ ಕನ್ನಡದ ಅರ್ಥದಲ್ಲೇ ಬರೆಯುತ್ತೇನೆ. ಆ ಏರಿ ಹಳೆಯದು, ಮೇಲೆ ತಾಳೆಮರಗಳಿದ್ದವು. ಏರಿಯ ಕೆಳಗೆ ಊರು: ಎರಡು ಬೀದಿ, ಒಂದು ಶಾಲೆ, ಒಂದಿಷ್ಟು ಗದ್ದೆ.

ಮೊದಲ ಹಿಂಗಾರಿನಲ್ಲೇ ಆ ಊರಿನ ಕೆರೆ ಸಂಘದ ಕಾರ್ಯದರ್ಶಿ ನಮ್ಮ ಗೇಟಿಗೆ ಬಂದರು. ಮುನುಸಾಮಿ ಎಂದು ಹೆಸರು. ಊರಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು, ಸ್ವಲ್ಪ ಗದ್ದೆಯೂ ಇತ್ತು. ಕೆಂಪು ನೀರು ತುಂಬಿದ ಒಂದು ಗಾಜಿನ ಬಾಟಲಿ ತಂದು ರಾಘವನ್ ಮೇಜಿನ ಮೇಲೆ ಇಟ್ಟರು.

"ಇದು ಕೆರೆಗೆ ಬರುತ್ತಿರುವ ನೀರು. ನೀವು ಕುಡಿಯುತ್ತೀರಾ?"

"ಸ್ವಲ್ಪ ಹೊತ್ತು ಬಿಟ್ಟರೆ ಮಣ್ಣು ತಳಕ್ಕೆ ಇಳಿಯುತ್ತದೆ. ಎಲ್ಲ ಮಳೆನೀರೂ ಹೀಗೇ," ಎಂದರು ರಾಘವನ್.

"ಸರಿ, ಕಾಯೋಣ," ಎಂದು ಮುನುಸಾಮಿ ಕುರ್ಚಿ ಎಳೆದು ಕೂತರು.

ಊಟದ ಹೊತ್ತಾಯಿತು. ಬಾಟಲಿಯ ತಳದಲ್ಲಿ ಬೂದುಬಣ್ಣದ ಪುಡಿ ಒಂದಿಷ್ಟು ಕೂತಿತ್ತು, ಮೇಲಿನ ನೀರು ಹಾಗೇ ಕೆಂಪಾಗಿತ್ತು. ಮುನುಸಾಮಿ ಎದ್ದು, "ಬಾಟಲಿ ಇರಲಿ. ಇಳಿದಾಗ ಹೇಳಿ ಕಳಿಸಿ," ಎಂದು ಹೋದರು. ಅದು ಮರುದಿನವೂ ಇಳಿಯಲಿಲ್ಲ.

ಪುಸ್ತಕದಲ್ಲಿ ಓದಿದ್ದು ಆಗ ನನಗೆ ತಲೆಗೆ ಹೋಯಿತು. ನಾವೆಲ್ಲ ಕ್ರಷರ್‌ನ ಕಲ್ಲುಪುಡಿಯ ಬಗ್ಗೆ ಮಾತಾಡುತ್ತಿದ್ದೆವು. ಕಲ್ಲುಪುಡಿ ಭಾರ, ಎಲ್ಲಿ ನೀರು ನಿಂತರೂ ತಳ ಸೇರುತ್ತದೆ. ನಿಜವಾದ ಕಾಟ ಮೇಲ್ಮಣ್ಣಿನ ಗುಡ್ಡೆಯದು. ಕಲ್ಲು ಸಿಗುವ ತನಕ ಕೆರೆದು ತೆಗೆದ ಕೆಂಪು ಮಣ್ಣನ್ನು ಒಂದು ಕಡೆ ರಾಶಿ ಹಾಕಿದ್ದರು. ಅದರ ಜಿಗುಟು ಜೇಡಿ ನೀರಿನಲ್ಲಿ ಸೇರಿದರೆ ತಿಳಿಯಾಗುವ ಮಾತೇ ಇಲ್ಲ. ಅದನ್ನು ಹಿಡಿಯಬೇಕಾದರೆ ಹೊರಡುವ ಜಾಗದಲ್ಲೇ ಹಿಡಿಯಬೇಕು. ಕೆಲಸಕ್ಕೆ ಸೇರುವವರಿಗೆ ನಾನು ಹೇಳುವ ಮೊದಲ ಪಾಠ ಇವತ್ತಿಗೂ ಇದೇ. ಕೆಳಗಿನ ಕೊಳ ದೊಡ್ಡದು ಮಾಡುವ ಮೊದಲು ಮೇಲಿನ ಮಣ್ಣು ನೋಡಿ.

ರಾಘವನ್ ಇರುವ ತನಕ ಅದು ಆಗಲಿಲ್ಲ. ಅವರ ನಂತರ ಬಂದ ಜೋಸೆಫ್ ಬೇರೆ ಥರದವರು. ಏನು ಕೇಳಿದರೂ ಮೊದಲು "ಯಾಕೆ" ಎನ್ನುತ್ತಿದ್ದರು, ಉತ್ತರ ಸರಿಯಾಗಿದ್ದರೆ ಆಮೇಲೆ ತಡೆಯುತ್ತಿರಲಿಲ್ಲ. ಅವರ ಕಾಲದಲ್ಲಿ ಮಣ್ಣುಗುಡ್ಡೆಯ ಕಾಲಿಗೆ ಕಲ್ಲಿನ ಗೋಡೆ ಬಂತು. ಗಣಿಯ ಬಾಯಿಯ ಸುತ್ತ ಒಂದು ಕಾಲುವೆ ತೋಡಿದೆವು. ಗುಡ್ಡದಿಂದ ಇಳಿಯುವ ನೀರು ಗಣಿಗೆ ಬೀಳದೆ ಅದರಲ್ಲಿ ಸುತ್ತಿಕೊಂಡು ಹೋಗಿ, ಇಳಿಜಾರಿನ ಕೊನೆಯಲ್ಲಿ ಕಟ್ಟಿದ ಹೂಳುಕೊಳಕ್ಕೆ ಸೇರುತ್ತಿತ್ತು. ಅಲ್ಲಿ ನಿಂತು ಹೂಳು ಬಿಟ್ಟು, ತಿಳಿಯಾದದ್ದು ಮಾತ್ರ ಕೆರೆಗೆ.

ಎಲ್ಲವೂ ಸುಸೂತ್ರವಾಗಿ ಆಯಿತು ಎಂದುಕೊಳ್ಳಬೇಡಿ. ಗುಡ್ಡೆಯ ಮೇಲೆ ನೆಡಲು ಹೆಡ್ ಆಫೀಸಿನವರು ಯಾವುದೋ ಹುಲ್ಲಿನ ಬೀಜ ತರಿಸಿಕೊಟ್ಟರು. ಚೆನ್ನಾಗಿ ಹುಟ್ಟಿತು. ಸುತ್ತಲಿನ ಆಡುಗಳಿಗೆಲ್ಲ ಸುದ್ದಿ ಮುಟ್ಟಿತು. ಗುಡ್ಡೆ ಮತ್ತೆ ಬೋಳಾದದ್ದಲ್ಲದೆ ಆಡುಗಳ ಗೊರಸಿನಿಂದ ಮೊದಲಿಗಿಂತ ಹೆಚ್ಚು ಸಡಿಲವಾಯಿತು. ಜೋಸೆಫ್ ಅದನ್ನು ನೋಡಿ, "ಮಳೆ ಬರುವ ಮೊದಲೇ ಮಣ್ಣು ಇಳಿಸಿದ್ದೇವೆ," ಎಂದು ನಕ್ಕರು. ಆಮೇಲೆ ಆಡುಗಳು ಅಷ್ಟಾಗಿ ಮುಟ್ಟದ ಲಾವಂಚ ನೆಟ್ಟೆವು. ಅದು ನಿಂತಿತು.

ಒಂದು ವರ್ಷ ಬೇಸಿಗೆಯಲ್ಲಿ ಕೆರೆಯ ಮೀನುಗಳು ಸತ್ತು ತೇಲಿದವು. ಮುನುಸಾಮಿ ಊರಿನವರನ್ನು ಕಟ್ಟಿಕೊಂಡು ಬಂದು ಗೇಟು ತಡೆದರು. ಲಾರಿಗಳು ನಿಂತವು. ಆಗ ಮಳೆಯೇ ಇರಲಿಲ್ಲ, ನಮ್ಮ ಕೊಳ ಒಣಗಿತ್ತು. ನಮ್ಮಿಂದ ಒಂದು ಹನಿ ಹೋಗಿದ್ದರೆ ತೋರಿಸಿ ಎಂದೆ. ಅವರು ನಂಬಲಿಲ್ಲ. ಹಾಗಿದ್ದರೆ ಜೊತೆಗೆ ಬನ್ನಿ ಎಂದೆ, ಇಬ್ಬರೂ ಕೆರೆಯ ಸುತ್ತ ನಡೆದೆವು. ಕೆರೆಯ ಆಚೆ ದಡದಲ್ಲಿ, ರಸ್ತೆಯ ಪಕ್ಕ, ಯಾವುದೋ ಟ್ಯಾಂಕರ್ ನಿಂತು ಸುರಿದು ಹೋದ ನೊರೆಯ ಗುರುತು ಇತ್ತು. ಹುಲ್ಲು ಸುಟ್ಟ ಹಾಗಾಗಿತ್ತು. ಮುನುಸಾಮಿ ಕೂತು ಮೂಸಿ ನೋಡಿದರು.

"ಈ ಸಲ ನೀವಲ್ಲ," ಎಂದರು.

ಕ್ಷಮೆ ಗಿಮೆ ಏನೂ ಇಲ್ಲ. ವಾಪಸು ಬಂದು ಗೇಟಿನಲ್ಲಿದ್ದವರಿಗೂ ಅಷ್ಟನ್ನೇ ಹೇಳಿ ಎಲ್ಲರನ್ನೂ ಕರೆದುಕೊಂಡು ಹೋದರು. ಆದರೆ ಅಂದಿನಿಂದ ಮಳೆಗಾಲದಲ್ಲಿ ದೂರು ಇದ್ದರೆ ಮ್ಯಾನೇಜರ್ ಹತ್ತಿರ ಹೋಗುತ್ತಿರಲಿಲ್ಲ, ನೇರ ನನ್ನ ಹತ್ತಿರ ಬರುತ್ತಿದ್ದರು. ಇದನ್ನು ಬಡ್ತಿ ಎಂದುಕೊಳ್ಳಬೇಕೋ ಶಿಕ್ಷೆಯೋ ನನಗೆ ಗೊತ್ತಾಗಲಿಲ್ಲ.

ಇನ್ನೊಬ್ಬರ ಬಗ್ಗೆ ಹೇಳಬೇಕು. ಪಂಪಿನ ದೇವರಾಜ್. ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಲಸ ಹುಡುಕಿಕೊಂಡು ಬಂದವನು. ಆ ಆಳದ ಗಣಿಗಳಲ್ಲಿ ನೀರು ಎತ್ತುವ ಮೋಟರು ನಿಂತರೆ ಜನ ಸಾಯುತ್ತಾರೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದಿದ್ದ. ಅವನ ತಂದೆಯೂ ಪಂಪಿನವನೇ ಆಗಿದ್ದನಂತೆ. ನಮ್ಮದು ತೆರೆದ ಗಣಿ, ನೀರು ತುಂಬಿದರೆ ಕೆಲಸ ನಿಲ್ಲುತ್ತದೆ ಅಷ್ಟೇ ಎಂದರೆ ಅವನಿಗೆ ಒಪ್ಪಿಗೆ ಇಲ್ಲ. ಮಳೆ ಶುರುವಾದರೆ ಗಣಿಯ ತಳದಲ್ಲಿ ತೇಲುವ ಪಂಪಿನ ತೆಪ್ಪ ಬಿಟ್ಟು ಮೇಲೆ ಬರುತ್ತಿರಲಿಲ್ಲ. ಊಟವನ್ನೂ ಅಲ್ಲಿಗೇ ತರಿಸಿಕೊಳ್ಳುತ್ತಿದ್ದ. ಗಣಿಯಲ್ಲಿ ನನ್ನ ಜೊತೆ ಕನ್ನಡ ಆಡುವವನು ಅವನೊಬ್ಬನೇ. ಅರ್ಧ ತಮಿಳು, ಅರ್ಧ ಕೋಲಾರದ ಕನ್ನಡ.

ಅವನ ಜೊತೆ ನನಗೆ ದೊಡ್ಡ ಜಗಳ ಆದದ್ದು ಪೈಪಿನ ಬಾಯಿಯ ವಿಷಯಕ್ಕೆ. ಅವನು ಅದನ್ನು ತಳದಲ್ಲಿ ಇಡುತ್ತಿದ್ದ, ಕೆಸರನ್ನೆಲ್ಲ ಎಳೆದು ಮೇಲೆ ಹಾಕುತ್ತಿದ್ದ. ಮೇಲಿನ ತಿಳಿನೀರು ಮಾತ್ರ ಎಳೆಯುವ ಹಾಗೆ ಡ್ರಮ್ಮಿಗೆ ಕಟ್ಟಿ ತೇಲಿಸೋಣ ಎಂದೆ.

"ಆಗಲ್ಲ ಮೇಡಂ. ಗಾಳಿ ಎಳ್ಕೊಂಡ್ರೆ ಮೋಟರ್ ಸುಟ್ಟೋಗ್ತದೆ."

"ಸುಟ್ಟರೆ ನಾನು ಜವಾಬ್ದಾರಿ."

ಮೊದಲ ದಿನವೇ ಡ್ರಮ್ಮು ಮಗುಚಿ ಗಾಳಿ ಎಳೆದುಕೊಂಡಿತು. ಮೋಟರು ಸುಡಲಿಲ್ಲ, ಆದರೆ ರಿಪೇರಿಗೆ ಹೋಯಿತು. ದೇವರಾಜ್ ಒಂದು ವಾರ ನನ್ನ ಮುಖ ನೋಡಲಿಲ್ಲ. ಆಮೇಲೆ ಇಬ್ಬರೂ ಸೇರಿ ಎರಡು ಡ್ರಮ್ಮು ಜೋಡಿಸಿ, ಹಗ್ಗ ಬಿಗಿದು, ಸರಿಮಾಡಿದೆವು. ಇವತ್ತು ಎಲ್ಲ ಕಡೆ ಇಂಥದ್ದು ಸಿದ್ಧವಾಗಿಯೇ ಸಿಗುತ್ತದೆ.

ಈಗ ಆ ದೊಡ್ಡ ಮಳೆಯ ವರ್ಷಕ್ಕೆ ಬರುತ್ತೇನೆ.

ಜೋಸೆಫ್ ನಿವೃತ್ತರಾಗಿ ಪ್ರಭಾಕರನ್ ಮ್ಯಾನೇಜರ್ ಆಗಿ ಬಂದಿದ್ದರು. ಚಿಕ್ಕ ವಯಸ್ಸು, ಚುರುಕು ಮನುಷ್ಯ. ದೊಡ್ಡ ಎಕ್ಸ್‌ಕವೇಟರ್ ಒಂದನ್ನು ಹೊಸದಾಗಿ ತರಿಸಿ ಗಣಿಯ ತಳಕ್ಕೆ ಇಳಿಸಿದ್ದರು. ಉತ್ಪಾದನೆ ಏರಿತ್ತು. ಪ್ರತಿವರ್ಷ ಹಿಂಗಾರಿಗೆ ಮುಂಚೆ ಹೂಳುಕೊಳದ ಹೂಳು ತೆಗೆಯಬೇಕು, ಆ ವರ್ಷ ಕೇಳಿದಾಗ, "ಮೇಡಂ, ಒಂದು ಯಂತ್ರವನ್ನೂ ಬಿಡುವ ಹಾಗಿಲ್ಲ. ದೀಪಾವಳಿ ಆಗಲಿ," ಎಂದರು. ಕೊಳ ಅರ್ಧಕ್ಕರ್ಧ ಹೂಳೇ ತುಂಬಿದೆ, ನೀರು ನಿಲ್ಲುವ ಜಾಗ ಇಲ್ಲ ಎಂದೆ. ಬರೆದುಕೊಂಡರು. ದೀಪಾವಳಿಯ ನಂತರ ಮಳೆ ಬಿಡುವೇ ಕೊಡಲಿಲ್ಲ.

ಆ ದಿನ ಪ್ರಭಾಕರನ್ ವಡಪಳನಿಯ ಹೆಡ್ ಆಫೀಸಿಗೆ ಮೀಟಿಂಗಿಗೆ ಹೋಗಿದ್ದರು. ಹಿಂದಿನ ಸಂಜೆಯಿಂದಲೇ ಸುರಿಯುತ್ತಿತ್ತು. ನಾನು ಬೆಳಿಗ್ಗೆ ಬಸ್ಸಿಲ್ಲದೆ ಜಲ್ಲಿ ಲಾರಿಯೊಂದನ್ನು ಹತ್ತಿ ಗಣಿಗೆ ಬಂದೆ. ಅದೇ ಕೊನೆಯ ಗಾಡಿ, ಆಮೇಲೆ ರಸ್ತೆ ಮುಳುಗಿತು. ಸ್ವಲ್ಪ ಹೊತ್ತಿಗೆ ಫೋನುಗಳೂ ಸತ್ತವು. ಗಣಿಯಲ್ಲಿ ಹಿರಿಯನೆಂದರೆ ಫೋರ್‌ಮನ್ ಸೆಲ್ವಂ ಒಬ್ಬನೇ. ಬಹಳ ವರ್ಷದ ಅನುಭವಸ್ಥ, ನಿಯಮ ಬಿಟ್ಟು ಒಂದು ಹೆಜ್ಜೆ ಇಡದವನು.

ನಾನು ನೇರ ಹೂಳುಕೊಳಕ್ಕೆ ಹೋದೆ. ನೀರು ಕೊಳದ ಮಣ್ಣಿನ ಒಡ್ಡಿನ ತಲೆಗೆ ಬಂದಿತ್ತು. ಅದಕ್ಕಿಂತ ನನ್ನ ಕಣ್ಣು ಹೋದದ್ದು ಒಡ್ಡಿನ ಬುಡಕ್ಕೆ. ಅಲ್ಲಿ ಒಂದು ಕಡೆ ನೀರು ಜಿನುಗುತ್ತಿತ್ತು. ಮಣ್ಣಿನ ಒಡ್ಡು ಎಂದ ಮೇಲೆ ಜಿನುಗುತ್ತದೆ, ತಿಳಿನೀರು ಜಿನುಗಿದರೆ ಹೆದರಬೇಕಿಲ್ಲ. ಇದು ಕೆಂಪಗೆ ಬರುತ್ತಿತ್ತು. ಎಂದರೆ ಒಡ್ಡಿನ ಒಳಗಿನ ಮಣ್ಣನ್ನೇ ಹೊತ್ತು ತರುತ್ತಿತ್ತು.

ಅಲ್ಲಿಂದ ಕೆರೆಗೆ ಇಳಿದೆ. ಕೆರೆ ತುಂಬಿ ಕೋಡಿ ಹರಿಯುತ್ತಿತ್ತು. ಏರಿಯ ಮೇಲೆ ಮುನುಸಾಮಿ ಹತ್ತಾರು ಜನರನ್ನು ಕಟ್ಟಿಕೊಂಡು ಮರಳಿನ ಚೀಲ ಪೇರಿಸುತ್ತಿದ್ದರು. ಕೆಳಗಿನ ಬೀದಿಯವರು ಶಾಲೆಯಲ್ಲಿ ಸೇರಿದ್ದರು. ಬೇರೆಲ್ಲಿಗೂ ಹೋಗುವ ಹಾಗಿರಲಿಲ್ಲ, ಊರಿನ ಆಚೆಗೂ ನೀರೇ.

"ಏರಿ ಹೇಗಿದೆ?" ಎಂದೆ.

"ಚೆನ್ನಾಗಿದೆ."

ಗದ್ದೆಗೆ ನೀರು ಬಿಡುವ ತೂಬಿನ ಪಕ್ಕ ಏರಿಯ ಹೊರಮೈ ಒದ್ದೆಯಾಗಿ ಉಬ್ಬಿದ ಹಾಗೆ ಕಂಡಿತು. ಅದನ್ನು ತೋರಿಸಿದೆ. "ಅದು ಯಾವಾಗಲೂ ಹಾಗೇ," ಎಂದು ಅವರು ಚೀಲ ಎತ್ತಿಕೊಂಡು ಹೋದರು.

ನಮ್ಮ ಒಡ್ಡು ಒಡೆದರೆ ಕೊಳದ ನೀರು, ಹೂಳು ಒಟ್ಟಿಗೇ ಈ ಕೆರೆಗೆ ನುಗ್ಗುತ್ತದೆ. ಆ ಹೊಡೆತವನ್ನು ಏರಿ ತಡೆದುಕೊಳ್ಳುತ್ತದೆಯೇ ಎನ್ನುವುದು ಪ್ರಶ್ನೆ. ತಡೆದುಕೊಳ್ಳುತ್ತದೆ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಮೇಲೆ ಹತ್ತುತ್ತಾ ಯೋಚಿಸಿದೆ. ಕೊಳಕ್ಕೆ ಬರುವ ನೀರನ್ನು ನಿಲ್ಲಿಸಬೇಕು. ಅದಕ್ಕೆ ಇದ್ದದ್ದು ಒಂದೇ ದಾರಿ. ಗಣಿಯ ಸುತ್ತಲಿನ ಕಾಲುವೆಯ ಒಳಬದಿ ಕಡಿದರೆ ಗುಡ್ಡದ ನೀರೆಲ್ಲ ಕೊಳಕ್ಕೆ ಹೋಗದೆ ಗಣಿಗೇ ಬೀಳುತ್ತದೆ. ಗಣಿ ಮುಳುಗುತ್ತದೆ. ತಳದಲ್ಲಿರುವ ಹೊಸ ಎಕ್ಸ್‌ಕವೇಟರ್, ಕೊರೆಯುವ ಯಂತ್ರಗಳು, ಪಂಪುಗಳು ಎಲ್ಲ ಮುಳುಗುತ್ತವೆ. ಅವನ್ನು ಮೇಲೆ ತರುವ ಹಾಗಿರಲಿಲ್ಲ, ಇಳಿಜಾರಿನ ದಾರಿ ಬೆಳಿಗ್ಗೆಯೇ ಕೊಚ್ಚಿಹೋಗಿತ್ತು. ನಡೆದು ಹತ್ತಬಹುದಿತ್ತು, ಅಷ್ಟೇ.

ಸೆಲ್ವಂಗೆ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡ.

"ಮ್ಯಾನೇಜರ್ ಹೇಳದೆ ಕಾಲುವೆ ಮುಟ್ಟುವ ಹಾಗಿಲ್ಲ ಮೇಡಂ."

"ಮ್ಯಾನೇಜರ್ ಸಿಗುತ್ತಿಲ್ಲ."

"ನಿಮಗೆ ಆ ಅಧಿಕಾರ ಇಲ್ಲ."

"ಇಲ್ಲ," ಎಂದೆ.

ಸೆಲ್ವಂ ಕೊಳದ ಕಡೆ ನೋಡಿದ, ಗಣಿಯ ಕಡೆ ನೋಡಿದ. ಮೇಲೆ ಒಂದು ಸಣ್ಣ ಜೆಸಿಬಿ ಇತ್ತು, ಅದರ ಡ್ರೈವರ್ ಕ್ಯಾಬಿನ್ನಿನಲ್ಲೇ ಕೂತಿದ್ದ. "ನಾನು ಕ್ಯಾಂಟೀನಿಗೆ ಹೋಗಿ ಟೀ ಕುಡಿದು ಬರುತ್ತೇನೆ," ಎಂದ ಸೆಲ್ವಂ. ಎರಡು ಹೆಜ್ಜೆ ಹೋಗಿ ತಿರುಗಿ, "ಕೆಳಗೆ ಯಾರೂ ಇರಬಾರದು. ಮೊದಲು ಅದು ನೋಡಿ," ಎಂದು ಹೋದ. ಅವನು ಅವತ್ತು ಮಾಡಬಹುದಾದದ್ದನ್ನೆಲ್ಲ ಮಾಡಿದ ಎಂದೇ ನಾನು ಈಗಲೂ ತಿಳಿದಿದ್ದೇನೆ.

ಕೆಳಗಿದ್ದದ್ದು ದೇವರಾಜ್ ಒಬ್ಬನೇ. ಅಂಚಿನಿಂದ ಕೂಗಿದೆ, ಮಳೆಯ ಸದ್ದಿಗೆ ಕೇಳಲಿಲ್ಲ. ಇಳಿದೆ. ದಾರಿಯೆಂದು ಉಳಿದಿದ್ದ ಕಡೆ ಬಂಡೆಯ ಗೋಡೆ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಹೋದೆ. ಮೇಲಿನ ಮೆಟ್ಟಿಲುಗಳಿಂದ ನೀರು ತೆಳ್ಳಗೆ ಸುರಿಯುತ್ತಿತ್ತು. ಅವನು ತೆಪ್ಪದ ಮೇಲೆ ತಲೆಗೆ ಪ್ಲಾಸ್ಟಿಕ್ ಹೊದ್ದು ನಿಂತಿದ್ದ, ಎರಡೂ ಮೋಟರು ಓಡಿ ಗಣಿಯ ನೀರನ್ನೂ ಅದೇ ಕೊಳಕ್ಕೆ ಕಳಿಸುತ್ತಿದ್ದವು.

"ಮೇಲೆ ಬಾ ದೇವರಾಜ್. ಮೋಟರ್ ಆಫ್ ಮಾಡು."

"ಆಫ್ ಮಾಡಿದ್ರೆ ಗಣಿ ಮುಳುಗ್ತದೆ ಮೇಡಂ."

"ಮುಳುಗಲಿ ಅಂತಲೇ ಹೇಳ್ತಿದ್ದೀನಿ. ಕಾಲುವೆ ಕಡಿಸ್ತೀನಿ. ಇಲ್ಲಾಂದ್ರೆ ಕೆಳಗಿನ ಊರಿಗೆ ಹೋಗ್ತದೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೂ ಅಲುಗಲಿಲ್ಲ. "ನಮ್ಮಪ್ಪ ಹೇಳೋನು, ಮಳೆ ದಿನ ಮೋಟರ್ ನಿಲ್ಲಿಸೋ ಕೈ ಕೈಯೇ ಅಲ್ಲ ಅಂತ," ಎಂದ.

"ಅಲ್ಲಿ ಜನ ಗಣಿಯೊಳಗಿದ್ದರು. ಇಲ್ಲಿ ಹೊರಗಿದ್ದಾರೆ."

ಅವನು ತಲೆಯ ಪ್ಲಾಸ್ಟಿಕ್ ಸರಿಸಿ ಬಗ್ಗಿದ. ಆಮೇಲೆ ಒಂದಾದ ಮೇಲೊಂದು ಮೋಟರು ನಿಲ್ಲಿಸಿದ. ಆ ಸದ್ದು ಹೋದ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದು ಗೊತ್ತಾಯಿತು. ಹತ್ತುವಾಗ ಅವನೇ ಮುಂದೆ ಹೋಗಿ ನನಗೆ ಕೈ ಕೊಡುತ್ತಾ ಹತ್ತಿಸಿದ. ಒಂದು ಸಲವೂ ತಿರುಗಿ ಕೆಳಗೆ ನೋಡಲಿಲ್ಲ.

ಜೆಸಿಬಿಯ ಡ್ರೈವರ್ ನನ್ನನ್ನು ಒಂದೇ ಪ್ರಶ್ನೆ ಕೇಳಿದ: "ಎಲ್ಲಿ ಮೇಡಂ?" ಜಾಗ ತೋರಿಸಿದೆ. ಕಡಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೊದಲು ಸಣ್ಣಗೆ ಹರಿದ ನೀರು ತಾನೇ ಬಾಯಿ ಅಗಲಮಾಡಿಕೊಂಡು ಕಾಲುವೆಯನ್ನೆಲ್ಲ ಎಳೆದುಕೊಂಡು ಗಣಿಗೆ ಬಿತ್ತು. ಕೆಂಪು ನೀರು, ಕಪ್ಪು ಬಂಡೆ. ಮಧ್ಯಾಹ್ನದ ತನಕ ಹೊಸ ಎಕ್ಸ್‌ಕವೇಟರಿನ ಹಳದಿ ತೋಳು ನೀರಿನ ಮೇಲೆ ಕಾಣುತ್ತಿತ್ತು. ಆಮೇಲೆ ಕಾಣಲಿಲ್ಲ.

ಕೊಳದ ನೀರು ನಿಧಾನಕ್ಕೆ ಇಳಿಯಿತು. ಒಡ್ಡು ನಿಂತಿತು. ಕೆರೆಯ ಏರಿಯೂ ನಿಂತಿತು. ಮಳೆ ಬಿಟ್ಟ ಮೇಲೆ ಶಾಲೆಯಲ್ಲಿದ್ದವರು ಮನೆಗಳಿಗೆ ಹೋಗಿ ಬಟ್ಟೆ ಒಣಗಹಾಕಿದರು. ಒಟ್ಟಿನಲ್ಲಿ ಏನೂ ಆಗಲಿಲ್ಲ. ನನ್ನ ಕಷ್ಟ ಶುರುವಾದದ್ದು ಅಲ್ಲಿಂದಲೇ.

ಹೆಡ್ ಆಫೀಸಿನಲ್ಲಿ ವಿಚಾರಣೆ ನಡೆಯಿತು. ಮಾಲೀಕರ ಕಡೆಯವರಿಬ್ಬರು, ಹೊರಗಿನಿಂದ ಕರೆಸಿದ ಒಬ್ಬ ಸಲಹೆಗಾರರು. ಯಾರೂ ಧ್ವನಿ ಎತ್ತಲಿಲ್ಲ, ಅದನ್ನು ಹೇಳಲೇಬೇಕು. ಸಲಹೆಗಾರರು ಕೇಳಿದ್ದು ಒಂದೇ.

"ಒಡ್ಡು ಒಡೆಯುತ್ತಿತ್ತು, ಆಮೇಲೆ ಏರಿ ಒಡೆಯುತ್ತಿತ್ತು ಅಂತೀರಿ. ಎರಡೂ ಒಡೆದಿಲ್ಲ. ಒಡೆಯುತ್ತಿತ್ತು ಅನ್ನುವುದಕ್ಕೆ ಏನು ಆಧಾರ?"

ಕೆಂಪು ನೀರು ಜಿನುಗುತ್ತಿತ್ತು ಎಂದೆ. ಯಾರು ನೋಡಿದರು ಎಂದರು. ನಾನು. ಫೋಟೋ ಇದೆಯೇ ಎಂದರು. ಇರಲಿಲ್ಲ. ಸೆಲ್ವಂನನ್ನು ಕೇಳಿದರು, ತಾನು ಟೀ ಕುಡಿಯುತ್ತಿದ್ದೆ ಎಂದ. ಸುಳ್ಳಲ್ಲ. ಪ್ರಭಾಕರನ್ ಮಾತ್ರ, ಹೂಳು ತೆಗೆಯಿರಿ ಎಂದು ಮೇಡಂ ಮೊದಲೇ ಕೇಳಿದ್ದರು, ತಾನೇ ಮುಂದೆ ಹಾಕಿದ್ದು ಎಂದು ತಾನಾಗಿ ಹೇಳಿದರು. ಅವರಿಂದ ನಾನು ಅದನ್ನು ನಿರೀಕ್ಷಿಸಿರಲಿಲ್ಲ.

ಕೊನೆಗೆ ಮುನುಸಾಮಿಯನ್ನು ಕರೆಸಿದರು. ನನಗೆ ಧೈರ್ಯ ಬಂತು. ಆ ದಿನ ಏರಿಯ ಮೇಲೆ ನಿಂತಿದ್ದವರು ಅವರೇ. ಉಬ್ಬಿದ ಮೈ ಕಣ್ಣಾರೆ ಕಂಡವರು. ಅವರು ಬಿಳಿ ಅಂಗಿ ಹಾಕಿ, ಕೂದಲು ಬಾಚಿ ಬಂದಿದ್ದರು.

"ಏರಿಗೆ ಅಪಾಯ ಇತ್ತೇ?" ಎಂದು ಮಾಲೀಕರ ಕಡೆಯವರೊಬ್ಬರು ಕೇಳಿದರು.

"ಇಲ್ಲ," ಎಂದರು ಮುನುಸಾಮಿ. "ನಮ್ಮ ಏರಿಗೆ ಏನೂ ಆಗುವುದಿಲ್ಲ. ನಮ್ಮ ತಾತನ ಕಾಲದಿಂದ ನಿಂತಿದೆ. ಇನ್ನೂ ಅಷ್ಟು ನೀರು ಬಂದರೂ ನಿಲ್ಲುತ್ತದೆ."

ಅವರು ನನ್ನ ಕಡೆ ನೋಡಲಿಲ್ಲ. ಅಷ್ಟಕ್ಕೆ ವಿಚಾರಣೆ ಮುಗಿದ ಹಾಗೆಯೇ.

ನಾನು ಮೆಟ್ಟಿಲಿಳಿಯುವಾಗ ಅವರು ಕೆಳಗೆ ಕಾಯುತ್ತಿದ್ದರು. ಮಾತಾಡುವ ಮನಸ್ಸಿರಲಿಲ್ಲ. ದಾಟಿಕೊಂಡು ಹೋಗುತ್ತಿದ್ದೆ, ಅಡ್ಡ ಬಂದರು.

"ಮೇಡಂ, ಆ ಕೋಣೆಯಲ್ಲಿ ಕೂತು ಏರಿ ದುರ್ಬಲ ಅಂತ ನಾನು ಹೇಳಿದರೆ ಏನಾಗುತ್ತೆ ಗೊತ್ತಾ? ನಾಳೆ ಅದನ್ನೇ ಹಿಡಿದುಕೊಂಡು ಅಪಾಯ ಅಂತ ಕೆರೆ ಒಡೆದು ಖಾಲಿ ಮಾಡ್ತಾರೆ. ನಾಡಿದ್ದು ಪ್ಲಾಟ್ ಹಾಕ್ತಾರೆ. ಸುತ್ತ ಎಷ್ಟು ಕೆರೆ ಹಾಗೆ ಹೋಗಿಲ್ಲ?"

"ಮತ್ತೆ ನನ್ನ ಕೆಲಸ?"

"ನಿಮಗೆ ಇನ್ನೊಂದು ಕಡೆ ಸಿಗುತ್ತೆ," ಎಂದರು. "ನಮಗೆ ಇನ್ನೊಂದು ಕೆರೆ ಸಿಗಲ್ಲ."

ಅವರು ಹೇಳಿದ್ದು ಸರಿ ಎಂದು ಬಸ್ಸಿನಲ್ಲಿ ಕೂತಾಗಲೇ ಹೊಳೆಯಿತು. ಆದರೂ ಸಿಟ್ಟು ಹೋಗಲು ವರ್ಷಗಳೇ ಹಿಡಿದವು.

ಕೆಲಸದಿಂದ ತೆಗೆಯಲಿಲ್ಲ. ವಡಪಳನಿಯ ಆಫೀಸಿನಲ್ಲಿ ಒಂದು ಮೇಜು ಕೊಟ್ಟರು, ಕೆಲಸ ಕೊಡಲಿಲ್ಲ. ಕಿಟಕಿಯ ಕೆಳಗೆ ಟೀ ಅಂಗಡಿ. ಪಕ್ಕದ ಸಿನಿಮಾ ಸ್ಟುಡಿಯೋದಿಂದ ಪೊಲೀಸು, ರಾಜ, ಭಿಕ್ಷುಕರ ವೇಷದವರು ಬಂದು ಸಾಲಾಗಿ ನಿಂತು ಟೀ ಕುಡಿಯುತ್ತಿದ್ದರು. ಅವರನ್ನು ನೋಡುತ್ತಾ ದಿನ ಹೋಗುತ್ತಿತ್ತು. ಮನೆಯಲ್ಲಿ ಅವ್ವ, "ಹೊಳ್ಳಿ ಕರೀತಾರೇನು?" ಎಂದು ಕೇಳುತ್ತಿದ್ದಳು. ಗೊತ್ತಿಲ್ಲ ಎನ್ನುತ್ತಿದ್ದೆ. ಒಂದು ದಿನ ಅವಳು, "ಆ ಊರಾಗ ಸಣ್ಣ ಹುಡುಗ್ರು ಎಷ್ಟು ಇದ್ರು?" ಎಂದಳು. ಎಣಿಸಿರಲಿಲ್ಲ. "ಇದ್ರಲ್ಲ, ಸಾಕು," ಎಂದು ಒಳಗೆ ಹೋದಳು.

ಮುಂದಿನ ಬೇಸಿಗೆಯಲ್ಲಿ ಗಣಿಯ ನೀರು ಎತ್ತಿ ಯಂತ್ರಗಳನ್ನು ತೆಗೆದರು. ಎಕ್ಸ್‌ಕವೇಟರ್ ಗುಜರಿಗೆ ಹೋಯಿತು. ದೇವರಾಜ್ ತನ್ನ ಎರಡೂ ಮೋಟರನ್ನು ಬಿಚ್ಚಿ, ಬಿಸಿಲಿಗೆ ಒಣಗಿಸಿ, ಮತ್ತೆ ಜೋಡಿಸಿ ಓಡಿಸಿದನಂತೆ. ಅಂದು ನನಗೆ ಫೋನ್ ಮಾಡಿ ಮೋಟರಿನ ಸದ್ದು ಕೇಳಿಸಿದ. ಸ್ವಲ್ಪ ದಿನಕ್ಕೆ ನನ್ನನ್ನು ಕಂಪನಿಯ ಇನ್ನೊಂದು ಗಣಿಗೆ ಹಾಕಿದರು. ಅಲ್ಲಿ ಇಂಥದ್ದೇನೂ ನಡೆಯಲಿಲ್ಲ, ಅಲ್ಲಿಂದಲೇ ನಿವೃತ್ತಳಾದೆ.

ಈಗಿನವರಿಗೆ ಅನುಕೂಲ ಬಹಳ ಇದೆ. ಡ್ರೋನ್ ಹಾರಿಸಿದರೆ ಗುಡ್ಡೆಯ ಯಾವ ಮೈ ಜಾರಿದೆ ಎಂದು ಕೂತಲ್ಲೇ ಕಾಣುತ್ತದೆ. ಕೊಳದ ನೀರು ಎಷ್ಟು ಕದಡಿದೆ ಎಂದು ಫೋನಿಗೇ ಬರುತ್ತದೆ. ಮಳೆಯ ಮುನ್ಸೂಚನೆ ಗಂಟೆ ಗಂಟೆಗೂ ಸಿಗುತ್ತದೆ. ಅವನ್ನೆಲ್ಲ ಬಳಸಿ. ಒಡ್ಡಿನ ಬುಡದಲ್ಲಿ ಜಿನುಗುವ ನೀರಿನ ಬಣ್ಣವನ್ನು ಮಾತ್ರ ನೀವೇ ಹೋಗಿ ನೋಡಿ, ಮತ್ತೆ ಫೋಟೋ ತೆಗೆದಿಟ್ಟುಕೊಳ್ಳಿ. ನಮ್ಮ ಕೆಲಸ ಸರಿಯಾಗಿ ಆದರೆ ಏನೂ ಆಗಿರುವುದಿಲ್ಲ. ಏನೂ ಆಗದಿದ್ದಕ್ಕೆ ಯಾರೂ ಸಾಕ್ಷಿ ಹೇಳುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಮುನುಸಾಮಿ ಫೋನ್ ಮಾಡಿದರು. ನನ್ನ ನಂಬರ್ ಎಲ್ಲಿಂದ ಹಿಡಿದರೋ. ಧ್ವನಿ ಮುದಿಯಾಗಿತ್ತು. "ಕೆರೆಯ ಏರಿ ಬಲಪಡಿಸುವ ಕೆಲಸ ನಡೀತಿದೆ. ಒಮ್ಮೆ ಬನ್ನಿ," ಎಂದರು. ಯಾಕೆ ಎಂದರೆ ಹೇಳಲಿಲ್ಲ. ಬೆಳಿಗ್ಗೆ ಹೋದೆ.

ಊರು ಗುರುತು ಸಿಗದಷ್ಟು ಬದಲಾಗಿತ್ತು. ಗದ್ದೆಗಳಿಲ್ಲ, ಎರಡು ಬೀದಿ ಹತ್ತಾಗಿವೆ, ಸೈಕಲ್ ಅಂಗಡಿಯ ಜಾಗದಲ್ಲಿ ಮೊಬೈಲ್ ಅಂಗಡಿ. ಕೆರೆ ಮಾತ್ರ ಇತ್ತು. ಬೇಸಿಗೆಯಲ್ಲೂ ನಡುವೆ ನೀರು ನಿಂತಿತ್ತು, ಹಕ್ಕಿಗಳು ಕೂತಿದ್ದವು. ಮುನುಸಾಮಿ ಕೋಲೂರಿಕೊಂಡು ಏರಿಯ ಮೇಲೆ ನಿಂತಿದ್ದರು. ಕುಶಲ ಕೇಳುವುದೆಲ್ಲ ಇಲ್ಲ; "ಬನ್ನಿ," ಎಂದು ತೂಬಿನ ಕಡೆ ಕರೆದುಕೊಂಡು ಹೋದರು.

ಆ ಮಳೆಯ ದಿನ ಉಬ್ಬಿದ ಹಾಗೆ ಕಂಡಿದ್ದ ಅದೇ ಜಾಗದಲ್ಲಿ ಏರಿಯನ್ನು ಅಡ್ಡಕ್ಕೆ ಕಡಿದಿದ್ದರು. ಕಡಿದ ಮೈಯಲ್ಲಿ, ತೂಬಿನ ಕಲ್ಲಿಗೆ ತಾಗಿ, ಒಂದು ಪೊಳ್ಳು. ನೀರು ಮಣ್ಣನ್ನು ಒಳಗೊಳಗೇ ತಿಂದು ಮಾಡಿದ್ದು. ಮಳೆಯಿಲ್ಲದಾಗ ಹೊರಗಿನಿಂದ ಸುಳಿವೇ ಸಿಗುವ ಹಾಗಿಲ್ಲ. ಒಬ್ಬ ದೊಡ್ಡ ಮನುಷ್ಯ ಅದರೊಳಗೆ ಕೂರಬಹುದಾಗಿತ್ತು. ಹೊರಮೈಗೆ ಉಳಿದಿದ್ದ ಮಣ್ಣು ಒಂದು ಮೊಳವೂ ಇರಲಿಲ್ಲ.

ನಾನು ಬಗ್ಗಿ ಕೈ ಹಾಕಿ ನೋಡಿದೆ. ಒಳಗೋಡೆ ನುಣುಪಾಗಿ, ತಣ್ಣಗಿತ್ತು. ಮುನುಸಾಮಿ ನನ್ನ ಹಿಂದೆ ನಿಂತಿದ್ದರು.

"ಆ ವರ್ಷ ಇದು ಇತ್ತಾ ಮೇಡಂ?"

ನಾನು ಕೈ ಹೊರತೆಗೆದು ಹೇಳಿದೆ, "ಹೇಳೋಕೆ ಆಗಲ್ಲ. ಆಮೇಲೆ ಆಗಿದ್ದರೂ ಆಗಿರಬಹುದು."

"ಖಂಡಿತ ಹೇಳೋಕೆ ಆಗಲ್ವಾ?"

"ಆಗಲ್ಲ."

ಅವರು ಕೋಲಿನಿಂದ ಪೊಳ್ಳಿನ ಅಂಚನ್ನು ಒಮ್ಮೆ ಮುಟ್ಟಿದರು. ಒಂದು ಹೆಂಟೆ ಮಣ್ಣು ಉದುರಿ ಒಳಗೆ ಬಿತ್ತು. ಮೇಲೆ ಕೆಲಸದವರು ನಮಗಾಗಿ ಕಾಯುತ್ತಾ ಗುದ್ದಲಿ ಹಿಡಿದು ನಿಂತಿದ್ದರು.

"ಇತ್ತು ಅಂತಲೇ ಇಟ್ಟುಕೊಳ್ಳೋಣ," ಎಂದರು ಮುನುಸಾಮಿ. ಆಮೇಲೆ ಕೆಲಸದವರ ಕಡೆ ತಿರುಗಿ, ಇನ್ನು ಮುಚ್ಚಬಹುದು ಎಂದು ಕೈ ಮಾಡಿದರು.